ಕಿರ್ದಿಗೆ ಏರದ ಬಾಕಿ
ದುಡಿಮೆಯ ಗಡಿಬಿಡಿಯಲ್ಲಿ ಕೃತಜ್ಞತೆಯ ಅಭ್ಯಾಸ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ದೀಪಾವಳಿಯನ್ನು ದೊಡ್ಡ ಹಬ್ಬವೆಂದೇ ಕರೆಯುವುದು ವಾಡಿಕೆ. ಅಂದು ಗೋವುಗಳ ಕೊರಳಿಗೆ ಅಡಿಕೆಯ ಸರ ಬೀಳುತ್ತದೆ. ಅದಕ್ಕೆ ಮೊದಲೇ ಬರುವ ಆಯುಧಪೂಜೆಯಲ್ಲಿ ಅಂಗಡಿಯ ತಕ್ಕಡಿ, ಗಿರಣಿಯ ಯಂತ್ರ, ಸರಕು ಸಾಗಿಸುವ ಲಾರಿಗಳಿಗೆ ಹೂವು ಕುಂಕುಮ ಸಲ್ಲುತ್ತವೆ. ದನಕ್ಕೂ ತಕ್ಕಡಿಗೂ ಒಂದೊಂದು ದಿನವನ್ನು ಮೀಸಲಿಟ್ಟಿರುವ ನಾವು, ಆ ತಕ್ಕಡಿಗೆ ಮೂಟೆ ಏರಿಸುವ ಹಮಾಲನ ಉಪಕಾರವನ್ನು ಸ್ಮರಿಸಲು ಯಾವ ತಿಥಿಯನ್ನೂ ಗೊತ್ತುಪಡಿಸಿಲ್ಲ.

‘ಕೃತಜ್ಞ’ ಎಂಬ ಶಬ್ದವನ್ನು ಬಿಡಿಸಿ ನೋಡಿದರೆ, ಕೃತ ಎಂದರೆ ಮಾಡಲ್ಪಟ್ಟದ್ದು. ಜ್ಞ ಎಂದರೆ ಬಲ್ಲವನು. ತನಗಾಗಿ ಏನು ಮಾಡಲ್ಪಟ್ಟಿದೆ ಎಂಬುದನ್ನು ಅರಿತವನೇ ಕೃತಜ್ಞ. ಇಲ್ಲಿ ಭಾವುಕತೆಗಿಂತ ತಿಳಿವಳಿಕೆಗೆ ಹೆಚ್ಚಿನ ಸ್ಥಾನವಿರುವುದನ್ನು ಲೆಕ್ಕಪತ್ರ ಬಲ್ಲ ವ್ಯಾಪಾರಿಗಳು ಸುಲಭವಾಗಿ ಗ್ರಹಿಸಬಲ್ಲರು.

ಉದಾಹರಣೆಗೆ, ನಿಲ್ಕುಂದದಂಥ ಘಟ್ಟದಂಚಿನ ಹಳ್ಳಿಯಿಂದ ಶಿರಸಿಯ ಮಾರುಕಟ್ಟೆಗೆ ಬರುವ ಒಂದು ಚೀಲ ರಾಶಿ ಅಡಿಕೆಯನ್ನು ತೆಗೆದುಕೊಳ್ಳೋಣ. ಸುರಿಯುವ ಮಳೆಯ ನಡುವೆ ಬಿಡುವು ನೋಡಿ, ಜಾರುವ ಮರವೇರಿ ಕೊನೆಗೌಡನು ಮದ್ದು ಹೊಡೆದಿರುತ್ತಾನೆ. ಕೊಯ್ಲಿನಲ್ಲಿ ಅವನು ಮರದ ತುದಿಯಿಂದ ಬಿಟ್ಟ ಕೊನೆಯನ್ನು ಕೆಳಗೆ ಹಗ್ಗ ಹಿಡಿದವನು ನೆಲಕ್ಕೆ ಬಡಿಯದಂತೆ ಇಳಿಸಿಕೊಂಡಿರುತ್ತಾನೆ. ರಾತ್ರಿಯವರೆಗೆ ಕುಳಿತು ಹೆಂಗಸರು ಸುಲಿದಿರುತ್ತಾರೆ. ಬೇಯಿಸುವವರು ಚೊಗರಿನ ಹದ ಕಾದಿರುತ್ತಾರೆ. ಆ ಮದ್ದಿಗೂ ಒಂದು ಋಣವಿದೆ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗದ ಬಗೆಗಿನ ತಮ್ಮ ಅಧ್ಯಯನವನ್ನು 1910ರಲ್ಲಿ ಪ್ರಕಟಿಸಿದರು. ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸುವ ಪದ್ಧತಿಯ ಹಿಂದೆ ಅವರ ಶ್ರಮವಿದೆ. ಬೆಳೆಗಾರರಿಗೆ ಸಂಘಟಿತ ಮಾರಾಟದ ದಾರಿ ತೋರಿದ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿಯನ್ನು 1923ರಲ್ಲಿ ಕಟ್ಟಿದವರಲ್ಲಿ ಯಾರೂ ಇಂದು ನಮ್ಮ ನಡುವೆ ಇಲ್ಲ. ಟೆಂಡರ್ ಬರೆಯುವ ವ್ಯಾಪಾರಿಯ ಕಣ್ಣಿಗೆ ಇವರೆಲ್ಲರೂ ಕಾಣುವುದಿಲ್ಲ. ಕಾಣುವುದು ಅಂದಿನ ದರ ಮಾತ್ರ.

ಅಮೆರಿಕದ ಮನಃಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಹಾಗೂ ಮೈಕಲ್ ಮೆಕಲ್ಲೋ ಅವರು 2003ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಹತ್ತು ವಾರಗಳ ಕಾಲ ವಾರಕ್ಕೊಮ್ಮೆ ತಮಗೆ ಒದಗಿದ ಉಪಕಾರಗಳನ್ನು ಬರೆದಿಟ್ಟವರು, ಕಿರುಕುಳಗಳನ್ನು ಬರೆದವರಿಗಿಂತ ತಮ್ಮ ಬದುಕಿನ ಬಗ್ಗೆ ಹೆಚ್ಚಿನ ಸಮಾಧಾನ ವ್ಯಕ್ತಪಡಿಸಿದರು. ಆಡಮ್ ಗ್ರಾಂಟ್ ಮತ್ತು ಫ್ರಾನ್ಸೆಸ್ಕಾ ಗೀನೋ ಅವರ 2010ರ ಅಧ್ಯಯನವು ನಮಗೆ ಇನ್ನೂ ಹತ್ತಿರದ್ದು. ವಿಶ್ವವಿದ್ಯಾಲಯಕ್ಕಾಗಿ ದೂರವಾಣಿಯ ಮೂಲಕ ದೇಣಿಗೆ ಕೇಳುವ ನೌಕರರಲ್ಲಿ ಒಂದು ಗುಂಪಿಗೆ ಮೇಲಧಿಕಾರಿಯು ಖುದ್ದಾಗಿ ಬಂದು ಕೃತಜ್ಞತೆ ಹೇಳಿದರು. ಮುಂದಿನ ವಾರ ಆ ಗುಂಪಿನವರು ಮಾಡಿದ ಕರೆಗಳು ಸುಮಾರು ಅರ್ಧದಷ್ಟು ಹೆಚ್ಚಿದವು.

ಆದರೆ ಇದನ್ನು ಹೆಚ್ಚು ದುಡಿಸಿಕೊಳ್ಳುವ ಅಗ್ಗದ ಉಪಾಯವೆಂದು ಭಾವಿಸುವುದು ತರವಲ್ಲ. ಬಾಯಲ್ಲಿ ‘ನಿಮ್ಮಿಂದ ದೊಡ್ಡ ಉಪಕಾರವಾಯಿತು’ ಎಂದು, ಕೂಲಿಯನ್ನು ಮುಂದಿನ ಸಂತೆಗೆ ದೂಡುವವರನ್ನು ನಾವೆಲ್ಲ ಬಲ್ಲೆವು. ಅಂಥ ಮಾತಿಗಿಂತ ಮೌನವೇ ಮೇಲು. ಅತಿ ಸಣ್ಣ ಹಾಗೂ ಸಣ್ಣ ಉದ್ಯಮಗಳಿಂದ ಸರಕು ಪಡೆದವರು, ಲಿಖಿತ ಒಪ್ಪಂದವಿದ್ದರೂ ಸರಕನ್ನು ಒಪ್ಪಿಕೊಂಡ 45 ದಿನಗಳೊಳಗೆ ಹಣ ಸಲ್ಲಿಸಬೇಕೆಂದು 2006ರ ಕಾಯ್ದೆಯೇ ವಿಧಿಸಿದೆ. ಬಾಕಿ ಚುಕ್ತಾ ಆದ ಮೇಲೆ ಆಡಿದ ಸ್ತುತಿಗಷ್ಟೇ ಬೆಲೆ.

ಇಷ್ಟಕ್ಕೆಲ್ಲ ಸಮಯವೆಲ್ಲಿ ಎಂಬ ಆಕ್ಷೇಪವು ಸಹಜವೇ. ಸುಗ್ಗಿಯ ದಿನಗಳಲ್ಲಿ ಊಟಕ್ಕೇ ಬಿಡುವಿರುವುದಿಲ್ಲ. ಆದುದರಿಂದ ಹೊಸ ಕೆಲಸವೊಂದನ್ನು ಸೇರಿಸದೆ, ಇರುವ ರೂಢಿಗೇ ಇದನ್ನು ಜೋಡಿಸುವುದು ಲೇಸು. ವಾರದ ಕೊನೆಯಲ್ಲಿ ಕಿರ್ದಿ ಮುಚ್ಚುವಾಗ ಕೊನೆಯ ಪುಟದಲ್ಲಿ ಒಂದು ಸಾಲು ಬರೆಯಬಹುದು: ಯಾರು, ಏನು ಮಾಡಿದರು, ಅದರಿಂದ ಯಾವ ನಷ್ಟ ತಪ್ಪಿತು. ‘ಎಲ್ಲರೂ ಸಹಕರಿಸಿದರು’ ಎಂಬಂಥ ಸಭಾ ವರದಿಯ ವಾಕ್ಯದಿಂದ ಪ್ರಯೋಜನವಿಲ್ಲ. ‘ಮಂಗಳವಾರ ಮಳೆ ಹನಿಯುವ ಮೊದಲೇ ಚೀಲಗಳನ್ನು ಒಳಗೆ ಸಾಗಿಸಿದವರು’ ಎಂದು ಹೆಸರು ಸಹಿತ ಬರೆದರೆ, ಸೋಮವಾರ ಅವರಿಗೆ ಹೇಳಲು ಮಾತು ತಾನಾಗಿಯೇ ಸಿದ್ಧವಿರುತ್ತದೆ. ಆ ಮಾತನ್ನು ಗಲ್ಲಾದ ಹಿಂದೆ ಕುಳಿತು ಹೇಳದೆ, ಅವರು ನಿಂತಿರುವಲ್ಲಿಗೆ ಹೋಗಿ ಹೇಳಬೇಕು.

ನುರಿತ ಕೊನೆಗೌಡರು ವರ್ಷದಿಂದ ವರ್ಷಕ್ಕೆ ವಿರಳವಾಗುತ್ತಿದ್ದಾರೆ. ಮಳೆಗಾಲದ ಮೊದಲ ಮದ್ದಿಗೆ ಒಂದೇ ವಾರದಲ್ಲಿ ಹತ್ತು ತೋಟಗಳಿಂದ ಅವರಿಗೆ ಕರೆ ಹೋಗುತ್ತದೆ. ಯಾರ ತೋಟಕ್ಕೆ ಮೊದಲು ಹೋಗಬೇಕೆಂಬುದನ್ನು ಗೊತ್ತುಮಾಡುವಾಗ, ಹಿಂದಿನ ವರ್ಷದ ಲೆಕ್ಕ ಅವರ ನೆನಪಿನಲ್ಲಿರುತ್ತದೆ.