ನೀವು ದುಬೈಯಲ್ಲಿ, ಬೈಕು ಕಾಪುವಿನಲ್ಲಿ

ಎರಡು ವರ್ಷ ಓಡದೆ ನಿಂತ ಬೈಕು. ಟೈರಿನ ಗ್ರಿಪ್ ಹೊಸದರಂತೆಯೇ ಇದೆ. ಹಾಗಾದರೆ ಟೈರು ಚೆನ್ನಾಗಿದೆಯಾ?

ಗಲ್ಫ್‌ನಿಂದ ರಜೆಗೆ ಕಾಪು, ಕಾರ್ಕಳಕ್ಕೆ ಬರುವವರೇ, ಕೀಲಿ ತಿರುಗಿಸುವ ಮೊದಲು ಕೂತು ಟೈರಿನ ಬದಿ ನೋಡಿ. ಅಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಓಡಿಸದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಬಿಸಿಲು, ಗಾಳಿಗೆ ಅದು ಗಟ್ಟಿಯಾಗಿ, ಬದಿಯಲ್ಲಿ ಸಣ್ಣ ಬಿರುಕು ಬಿಡುತ್ತದೆ. ಗಾಳಿ ಇಳಿದು ಒಂದೇ ಕಡೆ ಭಾರ ಬಿದ್ದರೆ ಆಕಾರವೂ ಕೆಡುತ್ತದೆ. ಗಟ್ಟಿಯಾದ ರಬ್ಬರ್ ಒದ್ದೆ ರಸ್ತೆಯನ್ನು ಹಿಡಿಯುವುದಿಲ್ಲ.

ಕಾನೂನಿನ ಪ್ರಕಾರ ದ್ವಿಚಕ್ರ ವಾಹನದ ಟೈರಿನಲ್ಲಿ ಕನಿಷ್ಠ 0.8 ಮಿಲಿಮೀಟರ್ ಗ್ರಿಪ್ ಇರಬೇಕು. ನಮ್ಮ ಆಟಿ ತಿಂಗಳ ಮಳೆಗೆ, ಹೆದ್ದಾರಿ 66ರಲ್ಲಿ, ಅಷ್ಟು ಏನೇನೂ ಸಾಲದು.

ಇನ್ನು ಟೈರು ಬದಲಿಸುವ ಖರ್ಚು. 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ತೆರಿಗೆಗೆ ಮುಂಚೆ 2,000 ರೂಪಾಯಿ ಇರುವ ಟೈರಿಗೆ ಮೊದಲು 2,560 ಕೊಡಬೇಕಿತ್ತು, ಈಗ 2,360. ಸುಮಾರು ನೂರು ದಿರ್ಹಮ್. ಅಂಗಡಿಯಲ್ಲಿ ತಯಾರಿಯ ವಾರ ನೋಡಿಯೇ ಹಣ ಕೊಡಿ. ಟ್ಯೂಬ್‌ಲೆಸ್ ಆದರೆ ವಾಲ್ವನ್ನೂ ಹೊಸದು ಹಾಕಿಸಿ, ಅದಕ್ಕೆ ಹೆಚ್ಚು ಖರ್ಚಿಲ್ಲ.

ವಾಪಸ್ ಹೋಗುವಾಗ ಬೈಕನ್ನು ಸೆಂಟರ್ ಸ್ಟ್ಯಾಂಡಿನಲ್ಲಿ ನೆರಳಲ್ಲಿ ನಿಲ್ಲಿಸಿ. ತಿಂಗಳಿಗೊಮ್ಮೆ ಗಾಳಿ ತುಂಬಿಸಲು ಮನೆಯಲ್ಲಿ ತಮ್ಮನಿಗೆ ಹೇಳಿ.

ಹಾಂ, ಹೊಸ ಟೈರಿನ ಮೈ ಮೊದಲು ನುಣುಪಾಗಿರುತ್ತದೆ. ನೂರೈವತ್ತು ಕಿಲೋಮೀಟರ್ ಆಗುವವರೆಗೆ ಮಣಿಪಾಲದಿಂದ ಉಡುಪಿಗೆ ಇಳಿಯುವಾಗ ಗಕ್ಕನೆ ಬ್ರೇಕ್ ಹಿಡಿಯಬೇಡಿ.