ಸೂಜಿರಹಿತ ಚುಚ್ಚುಮದ್ದು: ಒಮ್ಮೆ ಬಳಸಿ ಬಿಸಾಡುವ ಸಿರಿಂಜಿನ ಲೆಕ್ಕಾಚಾರ

2021ರ ನವೆಂಬರಿನಲ್ಲಿ ಭಾರತ ಸರ್ಕಾರವು ಅಹಮದಾಬಾದಿನ ಝೈಡಸ್ ಕ್ಯಾಡಿಲಾ ಸಂಸ್ಥೆಗೆ ಒಂದು ಕೋಟಿ ಡೋಸ್ 'ಝೈಕೋವ್-ಡಿ' ಕೋವಿಡ್ ಲಸಿಕೆ ಪೂರೈಸಲು ಆದೇಶ ನೀಡಿತು. ಲಸಿಕೆಯ ದರ ಡೋಸೊಂದಕ್ಕೆ ರೂ. 265, ಅದನ್ನು ದೇಹಕ್ಕೆ ಸೇರಿಸುವ ಸೂಜಿರಹಿತ ಸಾಧನದ ದರ ಡೋಸೊಂದಕ್ಕೆ ರೂ. 93, ಜಿ.ಎಸ್.ಟಿ. ಪ್ರತ್ಯೇಕ. ಅಂದರೆ ಒಟ್ಟು ರೂ. 358ರಲ್ಲಿ ಸುಮಾರು ಶೇ. 26ರಷ್ಟು ಪಾಲು ಸಾಧನದ್ದೇ ಆಗಿತ್ತು. ಸೂಜಿಯನ್ನು ಕೈಬಿಡಲು ಇಷ್ಟು ಬೆಲೆ ಏಕೆ ಎಂಬುದು ವೈದ್ಯಕೀಯ ಸಾಧನಗಳ ತಯಾರಿಕೆಗೆ ಇಳಿಯಬಯಸುವ ಸಣ್ಣ ಉದ್ಯಮಿಗಳು ಅರಿಯಬೇಕಾದ ವಿಷಯ.

ಕಾರ್ಯವಿಧಾನ

ತತ್ತ್ವ ಸರಳವಾದುದು. ಬಿಗಿಗೊಳಿಸಿದ ಸ್ಪ್ರಿಂಗ್ ಅಥವಾ ಒತ್ತಡದಲ್ಲಿರುವ ಅನಿಲವು ಪಿಸ್ಟನ್ನನ್ನು ತಳ್ಳುತ್ತದೆ. ದ್ರವರೂಪದ ಔಷಧಿಯು ಸುಮಾರು 0.1ರಿಂದ 0.2 ಮಿ.ಮೀ. ವ್ಯಾಸದ ರಂಧ್ರದಿಂದ ಸೆಕೆಂಡಿಗೆ 100 ಮೀಟರಿಗೂ ಮೀರಿದ ವೇಗದಲ್ಲಿ ಚಿಮ್ಮಿ ಚರ್ಮವನ್ನು ಭೇದಿಸುತ್ತದೆ. ವೇಗ ಸಾಲದಿದ್ದರೆ ಔಷಧಿಯ ಒಂದಂಶ ಚರ್ಮದ ಮೇಲೆಯೇ ಉಳಿಯುತ್ತದೆ. ಮಿತಿಮೀರಿದರೆ ಉದ್ದೇಶಿತ ಪದರವನ್ನು ದಾಟಿ ಆಳಕ್ಕೆ ಇಳಿಯುತ್ತದೆ. ಆದುದರಿಂದ ಲಕ್ಷ ಸಿರಿಂಜುಗಳನ್ನು ತಯಾರಿಸಿದರೂ ರಂಧ್ರದ ಅಳತೆಯಲ್ಲಿ ವ್ಯತ್ಯಾಸ ಬರಬಾರದು.

ಅಗ್ಗದ ವಿಧಾನದ ಅಪಾಯ

ಹಳೆಯ ಯಂತ್ರಗಳಲ್ಲಿ ಪ್ರತಿ ಡೋಸಿನ ವೆಚ್ಚ ಅತ್ಯಲ್ಪವಾಗಿತ್ತು. ಅಮೆರಿಕದ ಸೇನೆಗಾಗಿ ರೂಪಿಸಲಾದ, ಕಾಲಿನಿಂದ ತುಳಿದು ನಡೆಸುವ 'ಪೆಡ್-ಒ-ಜೆಟ್' ಯಂತ್ರವು ಗಂಟೆಗೆ ಸುಮಾರು ಸಾವಿರ ಜನರಿಗೆ ಲಸಿಕೆ ನೀಡಬಲ್ಲದಾಗಿತ್ತು. 1960ರ ದಶಕದ ಕೊನೆಯಲ್ಲಿ ಪಶ್ಚಿಮ ಆಫ್ರಿಕಾದ ಸಿಡುಬು ನಿರ್ಮೂಲನ ಕಾರ್ಯದಲ್ಲಿಯೂ ಅದು ಬಳಕೆಯಾಯಿತು. ಆದರೆ ಇಂತಹ ಯಂತ್ರಗಳಲ್ಲಿ ಒಂದೇ ನಳಿಕೆ ಎಲ್ಲರ ಚರ್ಮಕ್ಕೂ ತಾಗುತ್ತಿದ್ದುದರಿಂದ, ಒಬ್ಬರ ರಕ್ತದ ಅಗೋಚರ ಕಣ ಮತ್ತೊಬ್ಬರ ದೇಹವನ್ನು ಸೇರುವ ಸಂಭವವಿತ್ತು. 1984–85ರಲ್ಲಿ ಕ್ಯಾಲಿಫೋರ್ನಿಯಾದ ತೂಕ ಇಳಿಸುವ ಚಿಕಿತ್ಸಾಲಯವೊಂದರಲ್ಲಿ ಬೇರೊಂದು ಮಾದರಿಯ ಇಂತಹದೇ ಉಪಕರಣದ ಮೂಲಕ ಹೆಪಟೈಟಿಸ್-ಬಿ ಹರಡಿತು. 1997ರಲ್ಲಿ ಅಮೆರಿಕದ ಸೇನೆಯೇ ಪೆಡ್-ಒ-ಜೆಟ್ ಬಳಕೆಯನ್ನು ನಿಲ್ಲಿಸಿತು.

ಇದಕ್ಕೆ ದೊರೆತ ಪರಿಹಾರವೇ ಒಮ್ಮೆ ಮಾತ್ರ ಬಳಸಬಹುದಾದ, ಸೂಜಿಯಿಲ್ಲದ ಸಿರಿಂಜ್. ಔಷಧಿ ತುಂಬುವ ಭಾಗ ಹಾಗೂ ಚರ್ಮಕ್ಕೆ ತಾಗುವ ರಂಧ್ರ ಎರಡೂ ಅದರಲ್ಲಿಯೇ ಇರುತ್ತವೆ. ಝೈಕೋವ್-ಡಿಗೆ ಬಳಸಲಾದ, ಅಮೆರಿಕದ ಫಾರ್ಮಾಜೆಟ್ ಸಂಸ್ಥೆಯ 'ಟ್ರೋಪಿಸ್' ಈ ಬಗೆಯದು.

ಖರ್ಚು ಮತ್ತು ಉಳಿತಾಯ

ಕೈಯಲ್ಲಿ ಹಿಡಿಯುವ ಉಪಕರಣದ ಬೆಲೆ ರೂ. 20,000, ಬಾಳಿಕೆ 10,000 ಡೋಸ್ ಎಂದು ಊಹಿಸಿದರೆ ಡೋಸೊಂದಕ್ಕೆ ಬೀಳುವುದು ರೂ. 2 ಮಾತ್ರ. ಬಳಕೆ ಹೆಚ್ಚಿದಷ್ಟೂ ಈ ಹೊರೆ ಕುಗ್ಗುತ್ತದೆ. ಸಿರಿಂಜಿನ ವೆಚ್ಚ ಹಾಗಲ್ಲ. ಡೋಸ್ ಎಷ್ಟೋ ಸಿರಿಂಜ್ ಅಷ್ಟು. ಹೀಗಾಗಿ ಖರೀದಿದಾರನ ಪುನರಾವರ್ತಿತ ಖರ್ಚೂ ತಯಾರಕನ ನಿರಂತರ ಆದಾಯವೂ ಈ ಪ್ಲಾಸ್ಟಿಕ್ ಬಿಡಿಭಾಗದಲ್ಲಿಯೇ ಅಡಗಿವೆ.

ಉಳಿತಾಯದ ಬಾಬುಗಳೂ ಉಂಟು. ಸಿಬ್ಬಂದಿಗೆ ಸೂಜಿ ಚುಚ್ಚುವ ಅಪಾಯವಿಲ್ಲ. ಸೂಜಿಗಳ ವಿಲೇವಾರಿಯ ವೆಚ್ಚವಿಲ್ಲ. ಚರ್ಮದ ಪದರದೊಳಗೆ ನೀಡುವ ಪೋಲಿಯೊ ಲಸಿಕೆಗೆ 0.5 ಮಿ.ಲೀ. ಬದಲು 0.1 ಮಿ.ಲೀ. ಸಾಕು. 2019ರಲ್ಲಿ ಕರಾಚಿಯ ಪೋಲಿಯೊ ಲಸಿಕಾ ಅಭಿಯಾನದಲ್ಲಿ ಟ್ರೋಪಿಸ್ ಬಳಸಿದ್ದು ಇದೇ ಕ್ರಮದಲ್ಲಿ. ಲಸಿಕೆ ದುಬಾರಿಯಾದಷ್ಟೂ ಅಥವಾ ಅದರ ಅಭಾವವಿದ್ದಷ್ಟೂ ಸಾಧನದ ಖರ್ಚು ಸಮರ್ಥನೀಯವಾಗುತ್ತದೆ.

ಉದ್ಯಮಿಗಳು ಗಮನಿಸಬೇಕಾದ ಅಂಶಗಳು

ಮೋಲ್ಡಿಂಗ್ ಯಂತ್ರವೊಂದಿದ್ದ ಮಾತ್ರಕ್ಕೆ ಈ ವ್ಯವಹಾರ ಕೈಗೂಡದು. ನಿಖರವಾದ ಅಚ್ಚು, ಸ್ವಚ್ಛ ಕೊಠಡಿ, ಕ್ರಿಮಿಶುದ್ಧೀಕರಣ ಹಾಗೂ ಪ್ರತಿ ಬ್ಯಾಚಿನ ಪರೀಕ್ಷಾ ದಾಖಲೆಗಳು ಅನಿವಾರ್ಯ. ಭಾರತದಲ್ಲಿ 2017ರ ವೈದ್ಯಕೀಯ ಸಾಧನಗಳ ನಿಯಮಾವಳಿಯಡಿ ಪರವಾನಗಿ ಪಡೆಯಬೇಕು. ಸಾಧನವು ಸಿದ್ಧವಾದರೂ ಆಯಾ ಔಷಧಿಯೊಡನೆ ಅದರ ಪರಿಣಾಮವನ್ನು ಸಿದ್ಧಪಡಿಸಿ ತೋರಿಸಬೇಕಾಗುತ್ತದೆ. ಅಮೆರಿಕದಲ್ಲಿ 2014ರಲ್ಲಿ ಫಾರ್ಮಾಜೆಟ್‌ನ 'ಸ್ಟ್ರಾಟಿಸ್' ಸಾಧನಕ್ಕೆ ಫ್ಲೂ ಜ್ವರದ ಸಂಬಂಧದಲ್ಲಿ ಅನುಮತಿ ದೊರೆತದ್ದು 'ಅಫ್ಲೂರಿಯಾ' ಎಂಬ ಒಂದೇ ಲಸಿಕೆಗೆ. ಅದೂ 18ರಿಂದ 64ರ ವಯೋಮಾನದವರಿಗೆ.

ಆದುದರಿಂದ ಇಲ್ಲಿ ತಯಾರಕನ ನಿಜವಾದ ಗ್ರಾಹಕ ಔಷಧ ಕಂಪನಿಯೇ ಹೊರತು ಆಸ್ಪತ್ರೆಯಲ್ಲ. ಅಂತಹ ಕಂಪನಿಯೊಡನೆ ದೀರ್ಘಾವಧಿಯ ಖರೀದಿ ಒಪ್ಪಂದ ಮಾಡಿಕೊಂಡ ನಂತರವೇ ಅಚ್ಚಿಗೆ ಬಂಡವಾಳ ಹೂಡುವುದು ವಿವೇಕದ ಮಾರ್ಗ.