ಕೆಂಪು ಮಣ್ಣಿನಲ್ಲಿ ಸೆರೆಯಾದ ರಂಜಕ

ಡಿಎಪಿ ಚೀಲದ ಮೇಲೆ 18-46-0 ಎಂದು ಅಚ್ಚಾಗಿರುತ್ತದೆ. ನಡುವಿನ ಸಂಖ್ಯೆ ರಂಜಕದ್ದು. 50 ಕೆ.ಜಿ. ಚೀಲದಲ್ಲಿ 23 ಕೆ.ಜಿ. ರಂಜಕ ಎಂದು ಅದರರ್ಥ. ಇದು ಪಿ2ಒ5 ರೂಪದ ಲೆಕ್ಕ. ಗೊಬ್ಬರದ ವ್ಯವಹಾರವೆಲ್ಲ ನಡೆಯುವುದು ಈ ಲೆಕ್ಕದಲ್ಲೇ. ಈಗ ಹುಣಸೂರು ಅಥವಾ ಪಿರಿಯಾಪಟ್ಟಣದ ಒಂದು ಎಕರೆ ಹೊಲ ತೆಗೆದುಕೊಳ್ಳಿ. ಮುಂಗಾರಿಗೆ ಹೊಗೆಸೊಪ್ಪು, ಅದು ಮುಗಿದ ಮೇಲೆ ರಾಗಿ. ಬ್ಯಾರನ್‌ನಲ್ಲಿ ಹದ ಮಾಡಿದ ಐದು ಕ್ವಿಂಟಲ್ ಸೊಪ್ಪಿನ ಜೊತೆ ಹೊಲ ಬಿಟ್ಟು ಹೋಗುವ ರಂಜಕ ಎರಡು-ಮೂರು ಕೆ.ಜಿ. ಹತ್ತು ಕ್ವಿಂಟಲ್ ರಾಗಿ ಕಾಳಿನ ಜೊತೆ ಹೋಗುವುದು ಆರೇಳು ಕೆ.ಜಿ. ಎರಡೂ ಸೇರಿ ಹತ್ತರ ಆಸುಪಾಸು. ಒಂದೇ ಚೀಲ ಡಿಎಪಿ ಹಾಕಿದ್ದರೂ ಉಳಿದ 13 ಕೆ.ಜಿ. ಏನಾಯಿತು?

ಬಹುಪಾಲು ಅಲ್ಲೇ ಇದೆ, ನಿಮ್ಮ ಹೊಲದಲ್ಲೇ. ಈ ಸೀಮೆಯ ಮಣ್ಣಿಗೆ ಕೆಂಪು ಬಣ್ಣ ಕೊಟ್ಟಿರುವುದು ಕಬ್ಬಿಣ. ಆ ಕಬ್ಬಿಣ ಮತ್ತು ಅದರ ಜೊತೆಗಿರುವ ಅಲ್ಯೂಮಿನಿಯಂ, ನೀರಿನಲ್ಲಿ ಕರಗಿದ ರಂಜಕವನ್ನು ಕೆಲವೇ ದಿನಗಳಲ್ಲಿ ಹಿಡಿದುಕೊಳ್ಳುತ್ತವೆ. ಮಣ್ಣು ಹುಳಿಯಾದಷ್ಟೂ ಹಿಡಿತ ಬಿಗಿ. ಎಚ್.ಡಿ.ಕೋಟೆ, ಸರಗೂರು ಕಡೆಯ ಹತ್ತಿ ಬೆಳೆಯುವ ಕಪ್ಪು ನೆಲದಲ್ಲಿ ಇದೇ ಕೆಲಸವನ್ನು ಸುಣ್ಣದಂಶ ಮಾಡುತ್ತದೆ. ಯೂರಿಯಾದ ಸಾರಜನಕದಂತೆ ರಂಜಕ ನೀರಿನ ಜೊತೆ ಓಡಾಡುವುದಿಲ್ಲ. ಬಿದ್ದ ಜಾಗದಿಂದ ಕೆಲವೇ ಮಿಲಿಮೀಟರ್ ಸರಿದರೆ ಹೆಚ್ಚು. ಬೇರೇ ಅದನ್ನು ಹುಡುಕಿಕೊಂಡು ಹೋಗಬೇಕು. ಹೀಗಾಗಿ ಹಾಕಿದ ವರ್ಷ ಆ ಗೊಬ್ಬರದಿಂದ ಬೆಳೆಗೆ ದಕ್ಕುವುದು ಸಾಮಾನ್ಯವಾಗಿ ಶೇ 15ರಿಂದ 20 ಮಾತ್ರ; ಬೆಳೆ ಒಯ್ಯುವ ಉಳಿದ ಪಾಲು ಮಣ್ಣಿನ ಹಳೆಯ ದಾಸ್ತಾನಿನದು. ಮಿಕ್ಕದ್ದು ಮೊದಲು ಸಡಿಲವಾಗಿ, ವರ್ಷ ಕಳೆದಂತೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆ ಸಡಿಲ ಭಾಗವನ್ನು ಮುಂದಿನ ಬೆಳೆಗಳು ಸ್ವಲ್ಪ ಸ್ವಲ್ಪವಾಗಿ ಎಳೆದುಕೊಳ್ಳುತ್ತವೆ. ಹೊಗೆಸೊಪ್ಪಿಗೆ ಹಾಕಿದ ಗೊಬ್ಬರದ ಶೇಷದಲ್ಲೇ ಹಿಂದಿನಿಂದ ರಾಗಿ ಬರುತ್ತದೆ ಎಂದು ಇಲ್ಲಿನ ಬೆಳೆಗಾರರು ನಂಬಿರುವುದು ಸುಮ್ಮನೆ ಅಲ್ಲ.

ಹಾಗೆಂದು ಎಲ್ಲರೂ ಡಿಎಪಿ ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ದಶಕಗಳಿಂದ ಚೀಲ ಸುರಿದ ಹೊಲವೂ ಇದೆ, ತಲೆಮಾರಿನಿಂದ ಏನೂ ಕಾಣದ ಹೊಲವೂ ಇದೆ, ಎರಡೂ ಒಂದೇ ಊರಿನಲ್ಲಿ. ಬಡ ಹೊಲಕ್ಕೆ ಬೆಳೆ ಒಯ್ಯುವುದಕ್ಕಿಂತ ಹೆಚ್ಚೇ ಕೊಡಬೇಕಾಗುತ್ತದೆ. ನಿಮ್ಮದು ಯಾವುದು ಎಂದು ಹೇಳಬಲ್ಲದ್ದು ಮಣ್ಣು ಪರೀಕ್ಷೆ ಮಾತ್ರ. ಬೇಸಿಗೆಯಲ್ಲಿ, ಗೊಬ್ಬರ ಹಾಕುವ ಮೊದಲು, ಹೊಲದ ಹತ್ತಾರು ಕಡೆ ಗೇಣುದ್ದದೊಳಗೆ ‘ವಿ’ ಆಕಾರದ ಗುಂಡಿ ತೆಗೆದು ಅಂಚಿನ ಮಣ್ಣು ಕೆರೆದು, ಬೆರೆಸಿ, ಅರ್ಧ ಕೆ.ಜಿ.ಗೆ ಇಳಿಸಿ ಕೊಡಿ. ಬದು, ಮರದ ನೆರಳು, ತಿಪ್ಪೆ ಇದ್ದ ಜಾಗ ಬೇಡ. ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿದರೆ ಮಣ್ಣನ್ನು ಎಲ್ಲಿಗೆ ಕೊಡಬೇಕೆಂದು ಹೇಳುತ್ತಾರೆ. ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರವೂ ಜಿಲ್ಲೆಯಲ್ಲೇ ಇದೆ.

ಮಣ್ಣು ಪರೀಕ್ಷೆಯ ಕಾರ್ಡ್ ಬಂದಾಗ ಒಂದು ಎಚ್ಚರ ಬೇಕು. ಕೆಲವು ವರದಿಗಳಲ್ಲಿ ಬರೀ ರಂಜಕದ ಲೆಕ್ಕವಿರುತ್ತದೆ, ಕೆಲವದರಲ್ಲಿ ಪಿ2ಒ5 ಲೆಕ್ಕ. ಮೊದಲಿನದನ್ನು 2.29ರಿಂದ ಗುಣಿಸಿದರೆ ಎರಡನೆಯದು. ಪಿ2ಒ5 ಲೆಕ್ಕದಲ್ಲಿ ಹೆಕ್ಟೇರಿಗೆ ಸುಮಾರು 23 ಕೆ.ಜಿ.ಗಿಂತ ಕಡಿಮೆಯಿದ್ದರೆ ಕೊರತೆ, 56 ದಾಟಿದರೆ ಹೆಚ್ಚು, ನಡುವಿನದು ಮಧ್ಯಮ. ಇದನ್ನು ಗಮನಿಸದೆ ಓದಿದರೆ ಸಮೃದ್ಧ ಹೊಲ ಮಧ್ಯಮದಂತೆಯೂ ಮಧ್ಯಮ ಹೊಲ ಬಡ ಹೊಲದಂತೆಯೂ ಕಾಣಿಸಿ ಇನ್ನೊಂದು ಚೀಲ ಮನೆಗೆ ಬರುತ್ತದೆ. ರಂಜಕ ಹೆಚ್ಚಾದರೆ ದುಡ್ಡು ಹೋಗುವುದಷ್ಟೇ ಅಲ್ಲ, ಬೆಳೆಗೆ ಸತುವಿನ ಕೊರತೆ ಎದುರಾಗುತ್ತದೆ. 2009ರಲ್ಲಿ ರಾಜ್ಯ ಸರ್ಕಾರ ಹೈದರಾಬಾದ್ ಬಳಿಯ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಜೊತೆ ಆರಂಭಿಸಿದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳಲ್ಲಿ ಕರ್ನಾಟಕದುದ್ದಕ್ಕೂ ಎದ್ದು ಕಂಡದ್ದು ಗಂಧಕ, ಸತು, ಬೋರಾನ್‌ಗಳ ಕೊರತೆ. ರಂಜಕ ಬೇಕೇ ಬೇಕಾದ ಕಡೆ ಸೂಪರ್ ಫಾಸ್ಫೇಟ್ ಹಾಕಿದರೆ ಗಂಧಕವೂ ಸುಣ್ಣದಂಶವೂ ಜೊತೆಗೆ ಸಿಗುತ್ತವೆ. ಸಾರಜನಕವನ್ನು ಮಾತ್ರ ಬೇರೆಯಾಗಿ ಕೊಡಬೇಕು.

ಹಾಕುವ ರೀತಿಯಲ್ಲೂ ಉಳಿತಾಯವಿದೆ. ಹೊಲದ ತುಂಬ ಎರಚಿದ ರಂಜಕ ಹೆಚ್ಚು ಮಣ್ಣಿಗೆ ತಾಕಿ ಹೆಚ್ಚು ಸೆರೆಯಾಗುತ್ತದೆ. ಕೂರಿಗೆ ಸಾಲಿನಲ್ಲಿ, ಬೀಜದ ಪಕ್ಕ ಸ್ವಲ್ಪ ಕೆಳಗೆ ಬಿದ್ದದ್ದು ಬೇರಿಗೆ ಸಿಗುತ್ತದೆ. ಸಸಿ ಹಂತದಲ್ಲೇ ಮೈಕೊರೈಜಾ ಕೊಡುವುದು ಇನ್ನೊಂದು ದಾರಿ. ಬೇರಿನೊಳಗೆ ಬದುಕುವ ಈ ಶಿಲೀಂಧ್ರದ ಎಳೆಗಳು ಬೇರು ತಲುಪದ ಕಡೆಯಿಂದ ರಂಜಕ ಹೊತ್ತು ತರುತ್ತವೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ಡಿ.ಜೆ. ಭಾಗ್ಯರಾಜ್ ಇದರ ಮೇಲೆ ದಶಕಗಳ ಕಾಲ ಸಂಶೋಧನೆ ನಡೆಸಿದರು. ನಾಟಿ ಹೊಲಕ್ಕಿಂತ ಸಸಿಮಡಿಗೆ ಬೇಕಾಗುವ ಪ್ರಮಾಣ ತೀರಾ ಕಡಿಮೆ. ಆದರೆ ರಂಜಕ ತುಂಬಿ ತುಳುಕುವ ಮಣ್ಣಿನಲ್ಲಿ ಈ ಶಿಲೀಂಧ್ರ ಸೊರಗುತ್ತದೆ. ಡಿಎಪಿ ಕಡಿಮೆ ಮಾಡದೆ ಇದನ್ನು ಕೊಂಡು ತಂದರೆ ಪ್ರಯೋಜನವಿಲ್ಲ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸೆಳೆಯುವುದು ಅಕ್ಕಡಿ ಸಾಲು. ರಾಗಿ ಹೊಲದಲ್ಲಿ ಇಷ್ಟಿಷ್ಟು ಸಾಲಿಗೊಂದರಂತೆ ತೊಗರಿ, ಅವರೆ, ಹುಚ್ಚೆಳ್ಳು ಹಾಕುತ್ತಿದ್ದ ನಮ್ಮ ಹಳೆಯ ಮೈಸೂರಿನ ಹಿರಿಯರಿಗೆ ರಂಜಕದ ಹೆಸರೂ ತಿಳಿದಿರಲಿಲ್ಲ. 1990ರಲ್ಲಿ ಅದೇ ಇಕ್ರಿಸ್ಯಾಟ್‌ನ ವಿಜ್ಞಾನಿಗಳು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಸಂಗತಿ ಪ್ರಕಟಿಸಿದರು. ತೊಗರಿಯ ಬೇರು ಪಿಸಿಡಿಕ್ ಆಮ್ಲ ಎಂಬುದನ್ನು ಸ್ರವಿಸುತ್ತದೆ. ಅದು ಕಬ್ಬಿಣವನ್ನು ತಾನು ಹಿಡಿದು ರಂಜಕವನ್ನು ಬಿಡಿಸುತ್ತದೆ. ಕೆಂಪು ಮಣ್ಣಿನಲ್ಲಿ ಬೇರೆ ಬೆಳೆಗಳಿಗೆ ಸಿಗದ ರಂಜಕ ತೊಗರಿಗೆ ಸಿಗುವುದು ಹೀಗೆ. ಆಮೇಲೆ ಅದರ ಎಲೆ ಉದುರಿ ಕೊಳೆತಾಗ ಮುಂದಿನ ಬೆಳೆಗೂ ಪಾಲು ದಕ್ಕುತ್ತದೆ. ಹೊಗೆಸೊಪ್ಪಿನ ನಂತರ ತಡವಾಗಿ ಬಿತ್ತುವ ರಾಗಿಗೆ ದೀರ್ಘಾವಧಿಯ ತೊಗರಿ ಹೊಂದದು, ಅಲ್ಲಿ ಅವರೆ, ಹುರುಳಿ ಸರಿ. ಆದರೆ ಮುಂಗಾರಿನಲ್ಲೇ ರಾಗಿ ಕಾಣುವ ಹೊಲದಲ್ಲಿ ತೊಗರಿ ಸಾಲನ್ನು ಬಿಡಬಾರದು. ಕಳೆ ತೆಗೆಯಲು, ಯಂತ್ರ ಓಡಿಸಲು ಅಡ್ಡಿ ಎಂದು ಅಕ್ಕಡಿಯನ್ನು ಕೈಬಿಟ್ಟಿರುವುದು ನನಗೆ ನಿಜಕ್ಕೂ ದುಃಖದ ವಿಷಯ.

ಕೆ.ಆರ್.ನಗರದ ಚಾಮರಾಜ ಎಡದಂಡೆ, ಬಲದಂಡೆ ನಾಲೆಗಳ ಗದ್ದೆಯದು ಬೇರೆ ಕಥೆ. ನೀರು ನಿಂತ ಮಣ್ಣಿನಲ್ಲಿ ಗಾಳಿಯಾಡದೆ ಕಬ್ಬಿಣದ ರೂಪವೇ ಬದಲಾಗಿ, ಹಿಡಿದಿದ್ದ ರಂಜಕವನ್ನು ಅದು ಬಿಟ್ಟುಕೊಡುತ್ತದೆ. ಹಾಗಾಗಿ ಮಧ್ಯಮ ಮಟ್ಟಕ್ಕಿಂತ ಮೇಲಿರುವ ಗದ್ದೆಯಲ್ಲಿ ಭತ್ತಕ್ಕೆ ರಂಜಕ ಇಳಿಸಲು ಹೆದರಬೇಕಿಲ್ಲ.

ಇನ್ನು ಹೊಲ ಬಿಟ್ಟು ಹೋಗುವ ರಂಜಕ. ಅದು ಅಂಟಿರುವುದು ನುಣ್ಣನೆಯ ಮೇಲ್ಮಣ್ಣಿಗೆ. ಮಣ್ಣು ಕೊಚ್ಚಿಹೋದರೆ ಅದೂ ಹೋಯಿತು. ಎಚ್.ಡಿ.ಕೋಟೆಯ ಇಳಿಜಾರಿನ ಶುಂಠಿ ಹೊಲಗಳಲ್ಲಿ ಗೊಬ್ಬರ ಧಾರಾಳ, ಮಡಿಯ ನಡುವಿನ ಕಾಲುವೆಗಳು ಮಳೆನೀರನ್ನು ಬೇಗ ಹೊರಗೆ ದಾಟಿಸುತ್ತವೆ. ಮಡಿಗಳನ್ನು ಇಳಿಜಾರಿಗೆ ಅಡ್ಡವಾಗಿ ಹಾಕುವುದು, ಸೊಪ್ಪಿನ ಹೊದಿಕೆ, ಕಾಲುವೆ ಕೊನೆಗೊಂದು ಹೂಳುಗುಂಡಿ ಇವಿಷ್ಟೂ ಬೇಕು. ಕೊಚ್ಚಿಹೋದದ್ದು ಕೆರೆ ಸೇರಿ ಪಾಚಿಗೆ, ಅಂತರಗಂಗೆಗೆ ಮೇವಾಗುತ್ತದೆ. ಬೇಸಿಗೆಯಲ್ಲಿ ಗಾಡಿಗಟ್ಟಲೆ ಕೆರೆಗೋಡು ಹೊಡೆಯುತ್ತಿದ್ದವರು ಆ ರಂಜಕವನ್ನು ಹೊಲಕ್ಕೆ ವಾಪಸು ತರುತ್ತಿದ್ದರು.

ತಿಪ್ಪೆಯ ವಿಚಾರವೂ ಹೀಗೇ. ಒಂದು ಟನ್ ಕೊಟ್ಟಿಗೆ ಗೊಬ್ಬರದಲ್ಲಿ ಸುಮಾರು ಎರಡು ಕೆ.ಜಿ. ರಂಜಕವಿದೆ, ಮಳೆಗೆ ತೆರೆದಿಟ್ಟರೆ ಒಂದು ಪಾಲು ಚರಂಡಿಗೆ. ನೆರಳು, ಮೇಲೊಂದು ಹೊದಿಕೆ ಸಾಕು. ಬ್ಯಾರನ್ ಬೂದಿಯಲ್ಲೂ ರಂಜಕವಿದೆ. ಅದನ್ನು ಹಸಿ ಸಗಣಿಗೆ ಬೆರೆಸಿದರೆ ಸಾರಜನಕ ಆವಿಯಾಗುತ್ತದೆ. ಹುಳಿ ಮಣ್ಣಿನ ರಾಗಿ ಹೊಲಕ್ಕೆ ಬೇರೆಯಾಗಿ, ತೆಳುವಾಗಿ ಎರಚಿ.

ಕಾಳು, ತರಕಾರಿಯ ಜೊತೆ ಪೇಟೆಗೆ ಹೋದ ರಂಜಕ ಕೊನೆಗೆ ಸೇರುವುದು ಮೈಸೂರು, ಬೆಂಗಳೂರಿನ ಕೊಳಚೆಯನ್ನು. ಅದನ್ನು ಮರಳಿ ತರುವುದು ರೈತರಿಂದ ಆಗುವ ಕೆಲಸವಲ್ಲ, ಪಟ್ಟಣಗಳು ಮಾಡಬೇಕು. ಶೌಚಗುಂಡಿಗಳ ಮಲವನ್ನು ಸಂಸ್ಕರಿಸಿ ಗೊಬ್ಬರ ಮಾಡುವ ಘಟಕ ದೇವನಹಳ್ಳಿಯಲ್ಲಿ 2015ರಿಂದ ಇದೆ. ಹುಣಸೂರಿನಂಥ ಊರಿಗೂ ಇಂಥದ್ದು ಬೇಕು. ಊರ ಕೊಳಚೆ ಲಕ್ಷ್ಮಣತೀರ್ಥಕ್ಕೆ ಇಳಿಯುವುದು ನಿಲ್ಲಬೇಕು. ನಾವು ಸುರಿಯುವ ರಂಜಕದ ಬಹುಪಾಲು ಹೊರದೇಶದ್ದು. ಜಗತ್ತಿನ ರಂಜಕದ ಶಿಲೆಯ ನಿಕ್ಷೇಪದಲ್ಲಿ ಸುಮಾರು ಶೇ 70 ಇರುವುದು ಮೊರಾಕೊ ಮತ್ತು ಪಶ್ಚಿಮ ಸಹಾರಾದಲ್ಲಿ. ಅಲ್ಲಿ ಬೆಲೆ ಏರಿದರೆ, ಹಡಗು ತಡವಾದರೆ ಇಲ್ಲಿ ಬಿತ್ತನೆ ಹೊತ್ತಿನಲ್ಲಿ ಡಿಎಪಿಗೆ ಸರದಿ ನಿಲ್ಲಬೇಕಾಗುತ್ತದೆ.

ಮಣ್ಣು ಪರೀಕ್ಷೆಯಲ್ಲಿ ‘ಹೆಚ್ಚು’ ಎಂದು ಬಂದರೂ ರಂಜಕ ನಿಲ್ಲಿಸಲು ಧೈರ್ಯ ಸಾಲದಿದ್ದರೆ ಹೀಗೆ ಮಾಡಿ. ಹೊಲದ ನಡುವೆ ಹತ್ತು ಹೆಜ್ಜೆ ಅಗಲದ ಪಟ್ಟಿಯೊಂದನ್ನು ಗೂಟ ನೆಟ್ಟು ಗುರುತಿಸಿ. ಅದಕ್ಕೆ ಸಾರಜನಕ, ಪೊಟ್ಯಾಷ್ ಎಂದಿನಂತೆ ಕೊಟ್ಟು ರಂಜಕ ಮಾತ್ರ ನಿಲ್ಲಿಸಿ. ಪಟ್ಟಿಯದನ್ನೂ ಪಕ್ಕದ ಅಷ್ಟೇ ಅಗಲದ ಜಾಗದ್ದನ್ನೂ ಬೇರೆ ಬೇರೆ ಕೊಯ್ದು ತೂಗಿ ಬರೆದಿಡಿ. ಎರಡು ಮೂರು ಬೆಳೆ ಇದೇ ಪಟ್ಟಿಯಲ್ಲಿ ನೋಡಿ. ತೂಕ ಇಳಿಯಲು ಶುರುವಾದ ವರ್ಷ ಮಣ್ಣನ್ನು ಮತ್ತೆ ಪರೀಕ್ಷೆಗೆ ಕೊಟ್ಟು, ಬೆಳೆ ಒಯ್ದಷ್ಟನ್ನು ಸಾಲಿನಲ್ಲಿ ಹಾಕಲು ಆರಂಭಿಸಿ.